ನಿಂತರೆ ಸಾಕು, ಎದೆ ಢವಢವ

ಸುಮ್ಮನೆ ಎದ್ದು ನಿಂತರೆ ಎದೆ ಯಾಕೆ ಢವಗುಟ್ಟುತ್ತದೆ?

ಒಲಿಂಪಿಕ್ಸ್‌ನಲ್ಲಿ 9 ಚಿನ್ನ ಗೆದ್ದ ಅಮೆರಿಕದ ಈಜುಗಾತಿ ಕೇಟಿ ಲೆಡೆಕಿಗೂ ಈ ತೊಂದರೆ ಇದೆ.
ಹೆಸರು ಪಾಟ್ಸ್.

ನಿಂತಾಗ ರಕ್ತ ಹೊಟ್ಟೆ, ಕಾಲುಗಳತ್ತ ಇಳಿಯುತ್ತದೆ.
ರಕ್ತನಾಳಗಳು ಬಿಗಿಯಾಗಿ ಅದನ್ನು ಮೇಲಕ್ಕೆ ತಳ್ಳಬೇಕು.
ಪಾಟ್ಸ್ ಇರುವ ಹಲವರಲ್ಲಿ ಆ ಬಿಗಿ ಸಾಲದು.
ಮೇಲಿನ ಟ್ಯಾಂಕಿಗೆ ನೀರು ಏರದಿದ್ದರೆ ಮೋಟಾರು ಒಂದೇ ಸಮನೆ ಓಡುವುದಿಲ್ಲವೇ?
ಹೃದಯವೂ ಹಾಗೇ ಓಡುತ್ತದೆ.

ನಿಂತ 10 ನಿಮಿಷದೊಳಗೆ ಬಡಿತ ನಿಮಿಷಕ್ಕೆ ಕನಿಷ್ಠ 30, ಹದಿಹರೆಯದಲ್ಲಿ ಕನಿಷ್ಠ 40 ಏರುತ್ತದೆ.
ಬಿಪಿ ಮಾತ್ರ ಅಷ್ಟಾಗಿ ಬೀಳುವುದಿಲ್ಲ.
ತಲೆಸುತ್ತು, ಕಣ್ಣು ಮಂಜು, ಸುಸ್ತು.

ಹೆಚ್ಚಾಗಿ ಕಾಡುವುದು ಯುವತಿಯರನ್ನು.
‘ಬರೀ ಟೆನ್ಷನ್’ ಎಂದು ತಳ್ಳಿಹಾಕುವುದು ಅನ್ಯಾಯ.

ಸಾಕಷ್ಟು ನೀರು, ವೈದ್ಯರು ಹೇಳಿದಷ್ಟು ಉಪ್ಪು, ಬಿಗಿ ಕಾಲುಚೀಲ, ಈಜು ನೆರವಾಗುತ್ತವೆ.

ಅನುಮಾನವಿದ್ದರೆ, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನಾಡಿ ನೋಡಿ ಎಂದು ವೈದ್ಯರನ್ನು ಕೇಳಿ.