ಮಂಜುಗಡ್ಡೆಯ ನರ್ತನಕ್ಕೆ ಅಂಕಗಳ ತಕ್ಕಡಿ

ಯಾವ ಪಾಠಕ್ಕೆ ಎಷ್ಟು ಅಂಕವೆಂದು ತಿಳಿದೊಡನೆ ವಿದ್ಯಾರ್ಥಿಯ ಓದಿನ ಕ್ರಮವೇ ಬದಲಾಗುವುದನ್ನು ಉಪಾಧ್ಯಾಯರಾದ ನಾವು ವರ್ಷವರ್ಷವೂ ಕಾಣುತ್ತೇವೆ. ಕಾಲಿಗೆ ಉಕ್ಕಿನ ಅಲಗನ್ನು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಜಾರುತ್ತ, ಸುತ್ತುತ್ತ, ನೆಗೆಯುವ ಫಿಗರ್ ಸ್ಕೇಟಿಂಗ್ ಕಲೆಯಲ್ಲಿಯೂ ಇದೇ ನಡೆದಿದೆ.

ಎಂಟರ ಆಕೃತಿಯೇ ಮೊದಲಾದ ರೇಖೆಗಳನ್ನು ಅಲಗಿನಿಂದ ಮಂಜಿನ ಮೇಲೆ ಕೊರೆಯುತ್ತಿದ್ದುದರಿಂದಲೇ ಈ ಕ್ರೀಡೆಗೆ ‘ಫಿಗರ್’ ಎಂಬ ಹೆಸರು ಬಂದಿತು. 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯದ ಬೇಯಾಟ್ರಿಕ್ಸ್ ಶೂಬಾ ಅವರು ಸ್ವತಂತ್ರ ನರ್ತನದಲ್ಲಿ ಏಳನೆಯವರಾದರೂ ರೇಖೆಗಳ ಅಂಕಬಲದಿಂದ ಚಿನ್ನದ ಪದಕವನ್ನು ಪಡೆದರು. ಮರುವರ್ಷವೇ ರೇಖೆಗಳ ಪಾಲನ್ನು ತಗ್ಗಿಸಲಾಯಿತು. 1990ರ ಬಳಿಕ ವಿಶ್ವಸ್ಪರ್ಧೆಗಳಿಂದ ಅವು ಮರೆಯಾದುವು. ಅದನ್ನು ಕಲಿಯುವವರೂ ವಿರಳರಾದರು.

ಆಗ ತೀರ್ಪುಗಾರರು ಒಟ್ಟು ನರ್ತನಕ್ಕೆ 6.0ರವರೆಗೆ ಅಂಕ ಕೊಡುತ್ತಿದ್ದರು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಜೋಡಿ ಸ್ಪರ್ಧೆಯ ತೀರ್ಪು ದೊಡ್ಡ ವಿವಾದಕ್ಕೆ ಎಡೆಗೊಟ್ಟಿತು. ಅದರ ಫಲವಾಗಿ 2004ರಲ್ಲಿ ಹೊಸ ಪದ್ಧತಿ ಬಂದಿತು. ಇದರಲ್ಲಿ ಪ್ರತಿಯೊಂದು ನೆಗೆತಕ್ಕೂ ಸುತ್ತಿಗೂ ಅಂಗಡಿಯ ಸರಕಿನಂತೆ ನಿಗದಿಯಾದ ಮೂಲಬೆಲೆಯುಂಟು.

ಇದರ ಪರಿಣಾಮವನ್ನು ಆಕ್ಸೆಲ್ ಎಂಬ ನೆಗೆತದಲ್ಲಿ ನೋಡೋಣ. ನಾರ್ವೆಯ ಆಕ್ಸೆಲ್ ಪೌಲ್ಸೆನ್ 1882ರಲ್ಲಿ ವಿಯೆನ್ನಾದಲ್ಲಿ ಇದನ್ನು ತೋರಿಸಿದರು. ಮುಮ್ಮುಖವಾಗಿ ನೆಗೆದು ಹಿಮ್ಮುಖವಾಗಿ ಇಳಿಯುವುದರಿಂದ ಇದರಲ್ಲಿ ಅರ್ಧ ಸುತ್ತು ಹೆಚ್ಚು. ಒಬ್ಬನು 0.7 ಸೆಕೆಂಡು ಗಾಳಿಯಲ್ಲಿರಬೇಕಾದರೆ ಸುಮಾರು 60 ಸೆಂಟಿಮೀಟರ್ ಮೇಲೇರಬೇಕು. ಅಷ್ಟರಲ್ಲಿ ಮೂರೂವರೆ ಸುತ್ತು ಮುಗಿಯಬೇಕಾದರೆ ವೇಗ ಸೆಕೆಂಡಿಗೆ ಐದು ಸುತ್ತು. ಗಾಳಿಯಲ್ಲಿ ಕೋನೀಯ ಸಂವೇಗವು ಬದಲಾಗದು. ಆದ್ದರಿಂದ ನೆಗೆದ ಕ್ಷಣವೇ ಕೈಕಾಲುಗಳನ್ನು ಮೈಗೆ ಒತ್ತಿಕೊಳ್ಳದೆ ಬೇರೆ ಉಪಾಯವಿಲ್ಲ.

ಹಿಂದಿನವರಿಗೆ ಪ್ರಿಯವಾಗಿದ್ದ ‘ವಿಳಂಬದ’ ಆಕ್ಸೆಲ್ ಇದಕ್ಕೆ ತೀರ ವಿರುದ್ಧ. ಸುತ್ತು ಒಂದೂವರೆ ಮಾತ್ರ. ನರ್ತಕನು ಕೈಕಾಲುಗಳನ್ನು ಚಾಚಿಕೊಂಡೇ ಮೇಲೇರಿ, ಶಿಖರವನ್ನು ಮುಟ್ಟಿದ ಬಳಿಕ ಅವುಗಳನ್ನು ಸೆಳೆದುಕೊಂಡು ತಿರುಗುತ್ತಾನೆ. ನೆಗೆತದ ಕಾಲದಲ್ಲಿ ಅರ್ಧದಷ್ಟು ಎತ್ತರದ ಮೇಲಿನ ಕಾಲುಭಾಗದಲ್ಲಿಯೇ ಕಳೆಯುತ್ತದೆ (ವಾಚಕರು ಲೆಕ್ಕಹಾಕಿ ನೋಡಬಹುದು). ಆದುದರಿಂದ ಅವನು ಗಾಳಿಯಲ್ಲಿ ತೂಗಿನಿಂತಂತೆ ತೋರುತ್ತದೆ. ಆದರೆ 2018ರಲ್ಲಿ ಬಂದ ಬೆಲೆಪಟ್ಟಿಯಂತೆ ಒಂದೂವರೆ ಸುತ್ತಿನ ಆಕ್ಸೆಲ್‌ಗೆ 1.1 ಅಂಕ, ಮೂರೂವರೆ ಸುತ್ತಿನದಕ್ಕೆ 8.0. ನೆಗೆತಗಳ ಸಂಖ್ಯೆಗೂ ಮಿತಿಯುಂಟು. ಇಂಥಲ್ಲಿ ವಿಳಂಬದ ಆಕ್ಸೆಲ್‌ಗಾಗಿ ಒಂದು ಅವಕಾಶವನ್ನು ವ್ಯಯಮಾಡುವವರು ಯಾರು?

ಬೆಲೆಪಟ್ಟಿಯು ಏಕರೂಪತೆಯನ್ನೂ ತರಬಲ್ಲುದು. 1981ರ ವಿಶ್ವವಿಜೇತೆ ಸ್ವಿಟ್ಜರ್ಲೆಂಡಿನ ಡೆನಿಸ್ ಬೀಲ್‌ಮನ್, ಹಿಂದಿನಿಂದ ತಲೆಯ ಮೇಲಕ್ಕೆತ್ತಿದ ಕಾಲನ್ನು ಕೈಗಳಿಂದ ಹಿಡಿದು ಸುತ್ತುತ್ತಿದ್ದುದು ಅವರ ಮುದ್ರೆಯೇ ಆಗಿತ್ತು. ಹೊಸ ಪದ್ಧತಿಯಲ್ಲಿ ಆ ಭಂಗಿಗೆ ಲಾಭ ದೊರೆತುದರಿಂದ ಬೆನ್ನು ಬಾಗಲಿ ಬಾಗದಿರಲಿ, ಅನೇಕರು ಅದನ್ನೇ ಹಿಡಿದರು. ಕೆಲವನ್ನು ನೋಡುವಾಗ ನಮ್ಮ ಬೆನ್ನೇ ನೋಯುತ್ತದೆ! ದ್ವಿತೀಯಾರ್ಧದ ನೆಗೆತಗಳಿಗೆ ನೂರಕ್ಕೆ ಹತ್ತು ಹೆಚ್ಚುವರಿ ಇದ್ದ ಕಾಲದಲ್ಲಿ, 2018ರ ಒಲಿಂಪಿಕ್ಸ್‌ನಲ್ಲಿ ರಷ್ಯದ ಅಲೀನಾ ಜಾಗಿಟೊವಾ ಎಲ್ಲ ನೆಗೆತಗಳನ್ನೂ ಆ ಭಾಗಕ್ಕೇ ಸರಿಸಿ ಗೆದ್ದರು. ಅದೇ ವರ್ಷ ನಿಯಮವನ್ನು ಬಿಗಿಗೊಳಿಸಬೇಕಾಯಿತು.

ಆದರೂ 2006ರಲ್ಲಿ ಟೂರಿನ್‌ನಲ್ಲಿ ಜಪಾನಿನ ಶಿಜುಕಾ ಅರಕಾವಾ, ಬೆನ್ನನ್ನು ಹಿಂದಕ್ಕೆ ಬಾಗಿಸಿ ಜಾರುವ ‘ಈನಾ ಬೌವರ್’ ಭಂಗಿಯನ್ನು ಬಿಡಲಿಲ್ಲ. ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಬೆಲೆಯಿರಲಿಲ್ಲ. ಚಿನ್ನ ಅವರಿಗೇ ದೊರೆಯಿತು. ಮುಂದೆ ನಿಯಮಕಾರರು ಇಂಥ ಚಲನೆಗಳನ್ನು ಇಷ್ಟಬಂದಂತೆ ಹೆಣೆಯಲು ‘ನೃತ್ಯಸಂಯೋಜನೆಯ ಸರಣಿ’ ಎಂಬ ಭಾಗವನ್ನು ಬಿಟ್ಟುಕೊಟ್ಟರು. ಎರಡು ಸುತ್ತಿನೊಳಗಿನ ನೆಗೆತಗಳು ಅಲ್ಲಿ ಲೆಕ್ಕಕ್ಕಿಲ್ಲ. ವಿಳಂಬದ ಆಕ್ಸೆಲ್ ನಷ್ಟವಿಲ್ಲದೆ ಬಾಳಬಹುದಾದ ಮೂಲೆ ಅದು.