ಲೋಹದ ನೆರಳಿನಲ್ಲಿ ಕವಾಟದ ಪರೀಕ್ಷೆ

1960ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್, ಎಂಜಿನಿಯರ್ ಲೊವೆಲ್ ಎಡ್ವರ್ಡ್ಸ್ ಜೊತೆ ಸೇರಿ ರೂಪಿಸಿದ ಕೃತಕ ಕವಾಟವನ್ನು ರೋಗಿಗಳ ಹೃದಯದಲ್ಲಿ ಕೂರಿಸಿದರು. ರಚನೆ ತೀರಾ ಸರಳ: ಲೋಹದ ಪಂಜರ, ಒಳಗೊಂದು ಸಿಲಿಕೋನ್ ರಬ್ಬರಿನ ಚೆಂಡು. ರಕ್ತ ನುಗ್ಗಿದರೆ ಚೆಂಡು ಸರಿದು ದಾರಿ ಬಿಡುತ್ತದೆ, ಹಿಂದೆ ಹರಿಯಲು ನೋಡಿದರೆ ಬಾಯಿಗೆ ಕೂತು ತಡೆಯುತ್ತದೆ. ಇದನ್ನು ಶಬ್ದದ ಅಲೆಗಳಿಂದ ಹೃದಯದ ಚಿತ್ರ ಬಿಡಿಸುವ ಎಕೋ ಯಂತ್ರದಲ್ಲಿ ನೋಡಿದಾಗ ಚೆಂಡು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಯಂತ್ರವೇನೂ ಕೆಟ್ಟಿರಲಿಲ್ಲ. ಮೈಯೊಳಗೆ ಶಬ್ದ ಸೆಕೆಂಡಿಗೆ 1,540 ಮೀಟರ್ ವೇಗದಲ್ಲಿ ಸಾಗುತ್ತದೆಂದು ನಂಬಿಯೇ ಅದು ದೂರ ಲೆಕ್ಕ ಹಾಕುವುದು. ಸಿಲಿಕೋನಿನಲ್ಲಿ ಶಬ್ದದ ನಡಿಗೆ ಬಹಳ ನಿಧಾನ. ಪ್ರತಿಧ್ವನಿ ತಡವಾಗಿ ಬಂದರೆ ವಸ್ತು ದೂರದಲ್ಲಿದೆ ಎಂದೇ ಯಂತ್ರದ ಎಣಿಕೆ.

ಪಂಜರದ ಕವಾಟಗಳ ಕಾಲ ಮುಗಿದಿದೆ. ಆದರೆ ಕೃತಕ ಕವಾಟದ ವಿಷಯದಲ್ಲಿ ಎಕೋ ಪರದೆಯನ್ನು ಕಣ್ಣುಮುಚ್ಚಿ ನಂಬಬಾರದೆಂಬುದು ಇವತ್ತಿಗೂ ನಿಜ. 1977ರಲ್ಲಿ ಮೊದಲು ಬಳಕೆಗೆ ಬಂದ ಸೇಂಟ್ ಜೂಡ್ ಕವಾಟದಲ್ಲಿ ಪೈರೊಲಿಟಿಕ್ ಕಾರ್ಬನ್ನಿನ ಎರಡು ಅರ್ಧಚಂದ್ರಾಕಾರದ ಎಲೆಗಳಿವೆ. ಶಬ್ದದ ಅಲೆ ಇಂಥ ಗಟ್ಟಿ ವಸ್ತುವಿಗೆ ಬಡಿದು ಬಹುಪಾಲು ಹಿಂದಿರುಗುತ್ತದೆ. ಅದರಾಚೆಗೆ ಪರದೆಯಲ್ಲಿ ಕಪ್ಪು ನೆರಳು. ಎಡ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿನ ಮಿಟ್ರಲ್ ಜಾಗದಲ್ಲಿ ಇಂಥ ಕವಾಟವಿದ್ದರೆ ಪೇಚು ಜಾಸ್ತಿ. ಎದೆಯ ಮೇಲಿಟ್ಟ ಪ್ರೋಬಿಗೆ ಮೊದಲು ಸಿಗುವುದು ಕವಾಟ, ಅದರ ಹಿಂದೆ ಹೃತ್ಕರ್ಣ. ಸೋರಿಕೆಯೇನಾದರೂ ಇದ್ದರೆ ರಕ್ತ ಚಿಮ್ಮುವುದು ಸರಿಯಾಗಿ ಆ ನೆರಳಿನೊಳಗೇ!

ಅದಕ್ಕೇ ಗಂಟಲಿನ ಮೂಲಕ ಅನ್ನನಾಳಕ್ಕೆ ಪ್ರೋಬ್ ಇಳಿಸುತ್ತಾರೆ. ಅನ್ನನಾಳ ಇರುವುದು ಎಡ ಹೃತ್ಕರ್ಣದ ಬೆನ್ನಿಗೇ ಅಂಟಿಕೊಂಡಂತೆ. ಅಲ್ಲಿಂದ ನೋಡಿದರೆ ನೆರಳು ಎದುರು ದಿಕ್ಕಿಗೆ, ಹೃತ್ಕುಕ್ಷಿಯ ಕಡೆಗೆ ಬೀಳುತ್ತದೆ. ಎರಡೂ ಎಲೆಗಳು ತೆರೆದಾಗ ಹೆಚ್ಚುಕಡಿಮೆ ಸಮಾನಾಂತರವಾದ ಎರಡು ಬಿಳಿ ಗೆರೆಗಳು, ಮುಚ್ಚಿದಾಗ ಅವೇ ಓರೆಯಾಗಿ ಕೂಡುತ್ತವೆ. ಒಂದು ಎಲೆ ಆಡುತ್ತಿದ್ದು ಇನ್ನೊಂದು ನಿಂತಿದ್ದರೆ ಅನುಭವಿ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಮಹಾಪಧಮನಿಯ ಬಾಯಲ್ಲಿರುವ ಅಯೋರ್ಟಿಕ್ ಕವಾಟಕ್ಕೆ ಈ ದಾರಿ ಅಷ್ಟು ಅನುಕೂಲವಲ್ಲ. ಅದರ ಮುಂಭಾಗ ನೆರಳಲ್ಲಿ ಉಳಿಯುತ್ತದೆ. ಎದೆಯಿಂದಲೂ ಒಳಗಿನಿಂದಲೂ ನೋಡಿ ಎರಡನ್ನೂ ಕೂಡಿಸಿ ಓದಬೇಕು.

ಕವಾಟ ಕಾಣದಿದ್ದರೂ ಅದರ ಮೂಲಕ ಹಾಯುವ ರಕ್ತದ ವೇಗ ಸಿಗುತ್ತದೆ. ಕೆರೆಯ ತೂಬು ಕಿರಿದಾದಷ್ಟೂ ನೀರು ರಭಸದಿಂದ ನುಗ್ಗುವಂತೆ, ಕವಾಟ ಇಕ್ಕಟ್ಟಾದರೆ ರಕ್ತದ ವೇಗ ಏರುತ್ತದೆ. ಡಾಪ್ಲರ್ ತಂತ್ರದಿಂದ ಆ ವೇಗವನ್ನು ಅಳೆದು, ಅದರಿಂದ ಒತ್ತಡದ ವ್ಯತ್ಯಾಸ ಕಂಡುಹಿಡಿಯುವುದನ್ನು 1970ರ ದಶಕದ ಕೊನೆಯಲ್ಲಿ ಆಸ್ಪತ್ರೆಯ ಕೆಲಸಕ್ಕೆ ಒಗ್ಗಿಸಿದವರಲ್ಲಿ ನಾರ್ವೆಯ ಟ್ರಾಂಡ್‌ಹೈಮಿನ ವೈದ್ಯೆ ಲಿವ್ ಹಾಟ್ಲೆ ಮತ್ತು ಎಂಜಿನಿಯರ್ ಬ್ಯೋರ್ನ್ ಆಂಗೆಲ್ಸೆನ್ ಪ್ರಮುಖರು. ಸೂತ್ರ ಶಾಲೆಯ ಹುಡುಗರೂ ಬಿಡಿಸುವಂಥದ್ದು: ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿ. ಸೆಕೆಂಡಿಗೆ 2.5 ಮೀಟರ್ ವೇಗಕ್ಕೆ 25 ಮಿಲಿಮೀಟರ್ ಪಾದರಸ, 4 ಮೀಟರಿಗೆ 64. ಅದುವರೆಗೆ ಈ ಅಂಕಿ ಬೇಕೆಂದರೆ ರಕ್ತನಾಳದೊಳಗೆ ಕೊಳವೆ ತೂರಿಸಬೇಕಿತ್ತು.

ಎಕೋ ರಿಪೋರ್ಟಿನಲ್ಲಿ ‘ಗ್ರೇಡಿಯಂಟ್’ ಎಂದು ಬರುವುದು ಇದೇ. ರೋಗಿಗಳ ಮನೆಯವರು ಮೊದಲು ಬೆರಳಿಡುವುದೂ ಅದರ ಮೇಲೆಯೇ. ನನ್ನ ಮಟ್ಟಿಗೆ ಇಡೀ ರಿಪೋರ್ಟಿನಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ಅಂಕಿಯೂ ಅದೇ.

ಒಬ್ಬರ ಅಯೋರ್ಟಿಕ್ ಕವಾಟದಲ್ಲಿ ವೇಗ 3.6 ಮೀಟರ್ ಬಂತು ಅನ್ನಿ. ಗರಿಷ್ಠ ಗ್ರೇಡಿಯಂಟ್ 52 ಆಯಿತು. ಗಾಬರಿಪಡಬೇಕೇ? ಹೇಳಲಾಗದು. ರಕ್ತಹೀನತೆ, ಜ್ವರ, ಥೈರಾಯ್ಡ್ ಹೆಚ್ಚಳ, ಬಸುರಿತನ ಇಂಥ ಹೊತ್ತಿನಲ್ಲಿ ಹೃದಯ ಹೆಚ್ಚು ರಕ್ತ ದೂಡುತ್ತದೆ; ಚೊಕ್ಕವಾದ ಕವಾಟದಲ್ಲೂ ವೇಗ ಏರುತ್ತದೆ. ಆಗ ಕವಾಟಕ್ಕೆ ಸ್ವಲ್ಪ ಮೊದಲೇ, ಹೃತ್ಕುಕ್ಷಿಯ ಹೊರದಾರಿಯಲ್ಲಿ ವೇಗ ಎಷ್ಟೆಂದು ನೋಡಬೇಕು. ಅಲ್ಲೂ 1.4 ಮೀಟರ್ ಇದ್ದರೆ ಎರಡರ ಅನುಪಾತ 0.39. ಕವಾಟ ನಿರಪರಾಧಿ. ಅಲ್ಲಿ 0.8 ಮಾತ್ರ ಇದ್ದರೆ ಅನುಪಾತ 0.22. ಇದು 0.25ಕ್ಕಿಂತ ಕೆಳಗಿದ್ದರೆ ಕವಾಟ ಕಟ್ಟಿಕೊಂಡಿರುವ ಶಂಕೆ ಬಲವಾಗುತ್ತದೆ. ಎರಡು ಹೃದಯಗಳಲ್ಲೂ ಗ್ರೇಡಿಯಂಟ್ ಒಂದೇ, ಕಥೆ ಬೇರೆ.

ಡಾಪ್ಲರ್ ಬರೆಯುವ ರೇಖೆಯ ಆಕಾರವೂ ಮಾತಾಡುತ್ತದೆ. ಆರೋಗ್ಯವಂತ ಕವಾಟದಲ್ಲಿ ರಕ್ತ ಬೇಗ ತುತ್ತತುದಿ ಮುಟ್ಟಿ ಇಳಿಯುತ್ತದೆ, ರೇಖೆ ತ್ರಿಕೋನ. ಕಟ್ಟಿಕೊಂಡ ಕವಾಟದಲ್ಲಿ ಏದುಸಿರು ಬಿಡುತ್ತಾ ಏರುವುದರಿಂದ ರೇಖೆ ಗುಮ್ಮಟದ ಹಾಗೆ ದುಂಡಗಾಗುತ್ತದೆ. ತುದಿ ಮುಟ್ಟಲು 100 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎಚ್ಚರ.

ಮೂರನೆಯ ಸಾಧ್ಯತೆಯೂ ಇದೆ. ಕವಾಟ ಸರಿಯಿದೆ, ಆದರೆ ಆ ದೇಹಕ್ಕೆ ಚಿಕ್ಕದು. ದೊಡ್ಡ ಆಳಿಗೆ 19 ಮಿಲಿಮೀಟರಿನ ಕವಾಟ ಕೂರಿಸಿದ್ದರೆ ಗ್ರೇಡಿಯಂಟ್ ಮೊದಲ ದಿನದಿಂದಲೇ ಹೆಚ್ಚಿರುತ್ತದೆ. ಹೃದ್ರೋಗ ತಜ್ಞ ಶಹಬುದ್ದೀನ್ ರಹಿಮ್‌ತೂಲಾ 1978ರಲ್ಲೇ ಈ ಅಳತೆ ತಪ್ಪಿದ ಜೋಡಿಯ ಬಗ್ಗೆ ಬರೆದಿದ್ದರು. ಇದನ್ನು ಹೊಸ ಕಾಯಿಲೆಯಿಂದ ಬೇರ್ಪಡಿಸಲು ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ತಿಂಗಳಿಂದ ಮೂರು ತಿಂಗಳೊಳಗೆ ತೆಗೆದ ಮೊದಲ ಎಕೋ ಬೇಕೇ ಬೇಕು. ಅಂದೂ 50, ಇಂದೂ 50 ಎಂದಾದರೆ ಸಮಾಧಾನ. ಅಂದು 20 ಇದ್ದದ್ದು ಈಗ 50 ಆಗಿದ್ದರೆ ಮಾತೇ ಬೇರೆ. ಆ ಹಾಳೆಯನ್ನು ಕಳೆದುಕೊಂಡವರು ವೈದ್ಯರ ಕೈಯಿಂದ ಅಳತೆಗೋಲನ್ನೇ ಕಸಿದುಕೊಂಡಂತೆ.

ಇನ್ನು ಸೋರಿಕೆ. ಯಾಂತ್ರಿಕ (ರೂಢಿಯ ಮಾತಿನಲ್ಲಿ ‘ಲೋಹದ’) ಕವಾಟ ಮುಚ್ಚಿದಾಗ ಸಣ್ಣ ಬಣ್ಣದ ಚಿಲುಮೆಗಳು ಪರದೆಯಲ್ಲಿ ಕಂಡರೆ ಹೆದರಬೇಕಿಲ್ಲ. ಕೀಲುಗಳಲ್ಲಿ ರಕ್ತ ನಿಂತು ಹೆಪ್ಪುಗಟ್ಟದಿರಲೆಂದು ತಯಾರಕರೇ ಇಟ್ಟ ಸೋರಿಕೆ ಅದು. ಕವಾಟವನ್ನು ಹೃದಯಕ್ಕೆ ಹೊಲಿದ ಉಂಗುರದ ಹೊರಗಿನಿಂದ ಬರುವ ಚಿಲುಮೆ ಮಾತ್ರ ಕೆಟ್ಟದ್ದು. ಹೊಲಿಗೆ ಬಿಟ್ಟಿರಬಹುದು, ಸೋಂಕು ತಗುಲಿರಬಹುದು. ಇಡೀ ಕವಾಟವೇ ಹೃದಯದ ಲಯಕ್ಕೆ ಹೊಂದದೆ ಓಲಾಡುತ್ತಿದ್ದರೆ ಶಸ್ತ್ರವೈದ್ಯರಿಗೆ ಆಗಲೇ ಫೋನು ಹೋಗುತ್ತದೆ.

ನಮ್ಮ ದೇಶದಲ್ಲಿ ಮಿಟ್ರಲ್ ಕವಾಟ ಬದಲಿಸಿಕೊಂಡವರಲ್ಲಿ ಅನೇಕರು ಎಳವೆಯಲ್ಲಿ ರುಮ್ಯಾಟಿಕ್ ಜ್ವರ ಬಂದವರು, ದುಡಿಯುವ ವಯಸ್ಸಿನವರು. ಲೋಹದ ಕವಾಟವಿದ್ದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ನೋಡಲು ಆಗಾಗ ಐಎನ್‌ಆರ್ ಪರೀಕ್ಷೆ. ಊರಲ್ಲಿ ಮಾತ್ರೆ ಸಿಗಲಿಲ್ಲ, ದುಡ್ಡಿರಲಿಲ್ಲ, ಚೆನ್ನಾಗೇ ಇದ್ದೀನಲ್ಲ ಎಂದು ಬಿಟ್ಟೆ: ಕವಾಟದಲ್ಲಿ ಹೆಪ್ಪು ಕಟ್ಟಿ ದಮ್ಮು ಹತ್ತಿ ಬಂದವರ ಹಿಂದೆ ಸಾಮಾನ್ಯವಾಗಿ ಇಂಥದ್ದೇ ಕಾರಣ. ರಾತ್ರಿ ಕಿವಿಗೆ ಬೀಳುತ್ತಿದ್ದ ಟಿಕ್ ಟಿಕ್ ಮಂದವಾಯಿತೆಂದು ಕೆಲವರು ತಾವೇ ಗುರುತಿಸುತ್ತಾರೆ.

ಇಂಥ ಹೊತ್ತಿನಲ್ಲಿ ಎಕೋ ಜೊತೆಗೆ ಎಕ್ಸ್‌ರೇ ಪರದೆಯಡಿ ಎಲೆಗಳ ಆಟ ನೋಡುವ ರೂಢಿಯಿದೆ, ಸುಲಭ, ನೋವಿಲ್ಲ. ಆದರೆ ಭಾರತದಲ್ಲಿ ಒಂದು ತೊಡಕು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ರೂಪಿಸಿ, 1990ರ ಡಿಸೆಂಬರಿನಲ್ಲಿ ಮೊದಲು ಅಳವಡಿಸಿದ ಚಿತ್ರಾ ಕವಾಟ ಇಲ್ಲಿನ ಬಡವರ ಕೈಗೆಟುಕುವ ಕವಾಟ. ಓರೆಯಾಗಿ ತೆರೆದುಕೊಳ್ಳುವ ಅದರ ಒಂಟಿ ಬಿಲ್ಲೆ ಪಾಲಿಎಥಿಲೀನಿನದು. ಸದ್ದು ಕಡಿಮೆ, ಬೆಲೆಯೂ ಕಡಿಮೆ. ಎಕ್ಸ್‌ರೇಗೆ ಮಾತ್ರ ಅದು ಪಾರದರ್ಶಕ: ಚೌಕಟ್ಟು ಕಾಣುತ್ತದೆ, ಬಿಲ್ಲೆ ಆಡುತ್ತಿದೆಯೋ ಸಿಕ್ಕಿಕೊಂಡಿದೆಯೋ ಕಾಣುವುದಿಲ್ಲ. ಅಲ್ಲಿ ತೀರ್ಪಿನ ಭಾರವೆಲ್ಲ ಎಕೋ ಮೇಲೆಯೇ. ಹಾಗಾಗಿಯೇ ತುರ್ತು ವಿಭಾಗದಲ್ಲಿ ಎಕೋ ಮಾಡುವವರು ಪ್ರೋಬಿಗೆ ಜೆಲ್ ಹಚ್ಚುವ ಮೊದಲು ಕೇಳುವುದು: ಯಾವ ಕವಾಟ, ಎಷ್ಟನೇ ನಂಬರಿನದು, ಕವಾಟದ ವಿವರವಿರುವ ಕಾರ್ಡ್ ತಂದಿದ್ದೀರಾ?