ಸವೆದ ಕೀಲು, ಕೂಡದ ಎಲುಬು

ಹುಬ್ಬಳ್ಳಿಯ ಗೋಕುಲ ರಸ್ತೆ ಕಾಲಿನ ಕಸುವನ್ನೇ ನಂಬಿ ದುಡಿಯುವವರ ರಸ್ತೆ. ವಾಯವ್ಯ ಕರ್ನಾಟಕ ಸಾರಿಗೆಯ ಕೇಂದ್ರ ಕಚೇರಿಯೂ ಬಸ್ ನಿಲ್ದಾಣವೂ ಇಲ್ಲೇ ಇವೆ. ದಿನವಿಡೀ ಕ್ಲಚ್ ತುಳಿಯುವ ಚಾಲಕರು, ಓಲಾಡುವ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿಯುವ ಕಂಡಕ್ಟರುಗಳು ಇಲ್ಲಿ ಬಂದು ಹೋಗುತ್ತಲೇ ಇರುತ್ತಾರೆ. ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ ಪಾಳಿ ಮುಗಿಯುವವರೆಗೂ ಲೇತ್ ಮುಂದೆ ನಿಂತಿರುವವರಿದ್ದಾರೆ. ಐವತ್ತು ದಾಟುತ್ತಿದ್ದಂತೆ ಇಂಥವರಲ್ಲಿ ಹಲವರಿಗೆ ಮೊಣಕಾಲು ಹಿಡಿಯತೊಡಗುತ್ತದೆ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿದು, ರಾಡ್ ಹಾಕಿಸಿಕೊಂಡು, ತಿಂಗಳುಗಟ್ಟಲೆ ಕಳೆದರೂ ಊರುಗೋಲು ಬಿಡಲಾಗದ ಹರೆಯದವರೂ ಇದ್ದಾರೆ. ಈ ಎರಡೂ ಬಗೆಯವರು ಈಗ ಡಾಕ್ಟರಿಗೆ ಕೇಳುವ ಪ್ರಶ್ನೆ ಒಂದೇ: “ಸ್ಟೆಮ್ ಸೆಲ್ ಇಂಜೆಕ್ಷನ್ ಮಾಡಿಸಿದ್ರ ಆರಾಮ ಆಗ್ತೇತಂತಲ್ರಿ, ಖರೇ ಏನ್ರಿ?”

ಪ್ರಶ್ನೆ ಒಂದಾದರೂ ಉತ್ತರ ಎರಡಿವೆ. ಮುರಿದ ಎಲುಬಿಗೆ ತನ್ನನ್ನು ತಾನೇ ಕಟ್ಟಿಕೊಳ್ಳುವುದು ಗೊತ್ತು. ಕೀಲಿನ ಮೃದ್ವಸ್ಥಿಗೆ, ಅಂದರೆ ಎಲುಬಿನ ತುದಿಗೆ ಹೊದಿಸಿದಂತಿರುವ ನುಣುಪಾದ ಪದರಕ್ಕೆ, ಅದು ಗೊತ್ತಿಲ್ಲ. ಆಕರಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತದೆ.

ಮೊದಲು ಎಲುಬು. ಮುರಿದ ಗಳಿಗೆಯಲ್ಲೇ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎಲುಬಿನ ಮೇಲಿನ ತೆಳುಪೊರೆಯಿಂದಲೂ ಒಳಗಿನ ಮಜ್ಜೆಯಿಂದಲೂ ಆಕರಕೋಶಗಳು ಅಲ್ಲಿಗೆ ಬಂದು ಸೇರುತ್ತವೆ. ಮೊದಲ ವಾರಗಳಲ್ಲಿ ಮೆತ್ತನೆಯ ಗಂಟು ಬೆಳೆಯುತ್ತದೆ, ಆಮೇಲೆ ಅದಕ್ಕೆ ಸುಣ್ಣ ತುಂಬಿ ಗಟ್ಟಿಯಾಗುತ್ತದೆ, ಕೊನೆಗೆ ಹೆಚ್ಚುವರಿ ಭಾಗ ಕರಗಿ ಎಲುಬು ಹಳೆಯ ಆಕಾರಕ್ಕೆ ಮರಳುತ್ತದೆ. ಚರ್ಮದ ಗಾಯ ಮಾದಾಗ ಕಲೆ ಉಳಿಯುವುದುಂಟು. ಚೆನ್ನಾಗಿ ಕೂಡಿದ ಎಲುಬಿನಲ್ಲಿ ಅಂಥ ಕಲೆಯೂ ಉಳಿಯುವುದಿಲ್ಲ. ದೇಹದಲ್ಲಿ ಇಷ್ಟು ಪೂರ್ತಿಯಾಗಿ ತನ್ನನ್ನು ಸರಿಪಡಿಸಿಕೊಳ್ಳುವ ಅಂಗಾಂಶಗಳು ಬಹಳ ಕಡಿಮೆ.

ಹಾಗಿದ್ದೂ 100 ಮುರಿತಗಳಲ್ಲಿ 5ರಿಂದ 10ರಷ್ಟು ಸರಿಯಾದ ಸಮಯಕ್ಕೆ ಕೂಡುವುದಿಲ್ಲ ಎಂಬುದು ವೈದ್ಯರ ಸಾಮಾನ್ಯ ಅಂದಾಜು. ಇದರಲ್ಲಿ ಮೊಣಕಾಲ ಕೆಳಗಿನ ದೊಡ್ಡ ಎಲುಬಿನ ಪಾಲು ದೊಡ್ಡದು. ಅದರ ಮುಂಭಾಗದಲ್ಲಿ ಮಾಂಸವೇ ಇಲ್ಲ, ಚರ್ಮದ ಕೆಳಗೆ ನೇರ ಎಲುಬು. ಹಾಗಾಗಿ ಅಲ್ಲಿಗೆ ರಕ್ತದ ಹರಿವು ಕಡಿಮೆ. ಅಪಘಾತದಲ್ಲಿ ಚರ್ಮ ಹರಿದು ಎಲುಬು ಹೊರಬಂದರೆ ಸೋಂಕೂ ಬೇಗ ತಗಲುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇನ್ನೊಂದು ಕಾರಣ. ಬೀಡಿ, ಸಿಗರೇಟು ಮತ್ತೊಂದು: ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ, ಸೇದುವವರ ಎಲುಬು ಕೂಡಲು ಹೆಚ್ಚು ಕಾಲ ಬೇಕು. ಮುರಿದ ತುದಿಗಳು ಅಲುಗಾಡುತ್ತಲೇ ಇದ್ದರೆ ಅಥವಾ ನಡುವೆ ಅಂತರ ಉಳಿದಿದ್ದರೆ ಎಷ್ಟು ದಿನ ಕಾದರೂ ಫಲವಿಲ್ಲ. 9 ತಿಂಗಳು ಕಳೆದು, ಕೊನೆಯ 3 ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಪ್ರಗತಿ ಕಾಣದಿದ್ದರೆ ‘ಕೂಡದ ಎಲುಬು’ ಎಂದು ತೀರ್ಮಾನಿಸುವ ರೂಢಿಯಿದೆ.

ಇಂಥ ಎಲುಬಿಗೆ ಶಸ್ತ್ರವೈದ್ಯರು ದಶಕಗಳಿಂದ ಮಾಡುತ್ತ ಬಂದ ಕೆಲಸವೆಂದರೆ ಸೊಂಟದ ಎಲುಬಿನ ಅಂಚಿನಿಂದ ಚೂರುಗಳನ್ನು ಕೆತ್ತಿ ತೆಗೆದು ಮುರಿತದ ಜಾಗಕ್ಕೆ ತುಂಬುವುದು. ಇಂದಿಗೂ ಹೊಸ ಚಿಕಿತ್ಸೆಗಳನ್ನೆಲ್ಲ ಅದಕ್ಕೆ ಹೋಲಿಸಿಯೇ ಅಳೆಯುತ್ತಾರೆ. ಎಲುಬು ಕೂಡಲು ಬೇಕಾದ ಮೂರೂ ಆ ಚೂರಿನಲ್ಲಿ ಇರುತ್ತವೆ: ಹೊಸ ಎಲುಬು ಹಬ್ಬಲು ಚೌಕಟ್ಟು, ಬೆಳವಣಿಗೆಗೆ ಪ್ರಚೋದಿಸುವ ಪ್ರೋಟೀನುಗಳು, ಜೀವಂತ ಕೋಶಗಳು. ಪ್ರೋಟೀನುಗಳ ಸುಳಿವನ್ನು 1965ರಲ್ಲಿ ಅಮೆರಿಕದ ಮಾರ್ಷಲ್ ಯುರಿಸ್ಟ್ ಕೊಟ್ಟರು. ಸುಣ್ಣ ತೆಗೆದ ಎಲುಬಿನ ಚೂರನ್ನು ಪ್ರಾಣಿಯ ಸ್ನಾಯುವಿನಲ್ಲಿಟ್ಟರೆ ಅಲ್ಲಿಯೂ ಎಲುಬು ಹುಟ್ಟುವುದನ್ನು ಅವರು ತೋರಿಸಿದರು. ಮಜ್ಜೆಯಲ್ಲಿ ಎಲುಬು ಕಟ್ಟಬಲ್ಲ ಕೋಶಗಳಿವೆ ಎಂಬುದನ್ನು ಸರಿಸುಮಾರು ಅದೇ ಕಾಲಕ್ಕೆ ಮಾಸ್ಕೋದಲ್ಲಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಗುರುತಿಸತೊಡಗಿದ್ದರು.

ಎಲುಬು ಕೆತ್ತದೆ ಬರೀ ಮಜ್ಜೆಯನ್ನು ಸೂಜಿಯಲ್ಲಿ ಎಳೆದು ಕೊಟ್ಟರೆ? ಫ್ರಾನ್ಸಿನ ಫಿಲಿಪ್ ಎರ್ನಿಗೂ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯ ಎನಿಸುತ್ತದೆ. ಮೊಣಕಾಲ ಕೆಳಗಿನ ಎಲುಬು ಕೂಡದೆ ಉಳಿದಿದ್ದ, ಆದರೆ ಸೋಂಕಿಲ್ಲದ, 60 ಜನರಿಗೆ ಅವರವರ ಮಜ್ಜೆಯನ್ನೇ ಸಾಂದ್ರಗೊಳಿಸಿ ಮುರಿತದ ಜಾಗಕ್ಕೆ ಚುಚ್ಚಿದರು. 53 ಜನರ ಎಲುಬು ಕೂಡಿತು. ಕೂಡದ 7 ಜನರಿಗೆ ಕೊಟ್ಟ ದ್ರವವನ್ನು ಪರೀಕ್ಷಿಸಿದಾಗ ಅದರಲ್ಲಿ ಎಲುಬು ಕಟ್ಟುವ ಕೋಶಗಳು ಕಡಿಮೆಯಿದ್ದವು. ಕೆಲಸ ಮಾಡಿದ್ದು ಕೋಶಗಳೇ ಎಂಬ ಮಾತಿಗೆ ಇದು ಬಲ ಕೊಟ್ಟಿತು. ಆದರೆ ಈ ಅಧ್ಯಯನದಲ್ಲಿ ಹೋಲಿಕೆಗೆ ಮಜ್ಜೆ ಪಡೆಯದ ಗುಂಪು ಇರಲಿಲ್ಲ ಎಂಬುದನ್ನೂ ಮರೆಯಬಾರದು.

ಮಜ್ಜೆ ತೆಗೆಯುವುದರಲ್ಲಿ ಕೈಚಳಕವೇ ಬಹುಪಾಲು. ರೋಗಿಯನ್ನು ಮಲಗಿಸಿ, ಸೊಂಟದ ಎಲುಬಿನ ಜಾಗ ಮರಗಟ್ಟಿಸಿ, ದಪ್ಪನೆಯ ಟೊಳ್ಳು ಸೂಜಿಯನ್ನು ತಿರುಗಿಸುತ್ತ ಒಳಗಿಳಿಸುತ್ತಾರೆ. ಗಟ್ಟಿ ಹೊರಪದರ ದಾಟಿದೊಡನೆ ಕೈಗೆ ಸಡಿಲವೆನಿಸುತ್ತದೆ. ಸಿರಿಂಜಿನ ದಂಡವನ್ನು ಎಳೆಯುವಾಗ ರೋಗಿಗೆ ಒಳಗಿನಿಂದ ಹಿಂಡಿದಂಥ ನೋವು ಒಂದು ಕ್ಷಣ ಬರುತ್ತದೆ. ಅಲ್ಲಿ ಮರಗಟ್ಟಿಸುವ ಮದ್ದು ಪೂರ್ತಿ ತಲುಪುವುದಿಲ್ಲ. ಒಂದೇ ಜಾಗದಿಂದ ಒಮ್ಮೆಲೇ ಹೆಚ್ಚು ಎಳೆದರೆ ಮಜ್ಜೆಯ ಜತೆಗೆ ಸಾಮಾನ್ಯ ರಕ್ತ ನುಗ್ಗಿ ಬೆರೆತುಬಿಡುತ್ತದೆ. ಹಾಗಾಗಿ ಬಲ್ಲವರು ಒಂದೊಂದು ಕಡೆ ಕೆಲವೇ ಮಿಲಿಲೀಟರು ಎಳೆದು, ಸೂಜಿಯ ದಿಕ್ಕು ಬದಲಿಸುತ್ತ, ಹಲವು ಜಾಗಗಳಿಂದ ಸಂಗ್ರಹಿಸುತ್ತಾರೆ. ಅದನ್ನು ಯಂತ್ರದಲ್ಲಿ ವೇಗವಾಗಿ ಸುತ್ತಿಸಿದರೆ ಕೋಶಗಳ ಪದರ ಬೇರೆಯಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಆಕರಕೋಶಗಳ ಪ್ರಮಾಣ ಅತ್ಯಲ್ಪ: ಮಜ್ಜೆಯ 10 ಸಾವಿರದಿಂದ 1 ಲಕ್ಷ ಕೋಶಗಳಲ್ಲಿ ಒಂದು. ಅವಸರದಲ್ಲಿ ಒಂದೇ ಎಳೆತಕ್ಕೆ ಸಿರಿಂಜು ತುಂಬಿಸಿದರೆ ರೋಗಿಗೆ ವಾಪಸು ಸಿಗುವುದು ಹೆಚ್ಚಾಗಿ ಅವರದೇ ರಕ್ತ.

ಇನ್ನು ಮೊಣಕಾಲು. “ಗ್ರೀಸ್ ಖಾಲಿ ಆಗೇತಿ” ಎನ್ನುವುದು ನಮ್ಮ ಕಡೆಯ ಮಾತು. ಎಕ್ಸ್‌ರೇ ನೋಡಿ ಡಾಕ್ಟರು “ಗ್ಯಾಪ್ ಕಡಿಮೆಯಾಗಿದೆ” ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಖಾಲಿ ಜಾಗದಂತೆ ಕಾಣುವ ಆ ಗ್ಯಾಪ್ ನಿಜವಾಗಿ ಮೃದ್ವಸ್ಥಿಯದು. ಕೆಲವೇ ಮಿಲಿಮೀಟರು ದಪ್ಪದ ಈ ಪದರದಲ್ಲಿ ರಕ್ತನಾಳಗಳಿಲ್ಲ, ನರಗಳಿಲ್ಲ, ಕೋಶಗಳೂ ತೀರ ವಿರಳ. ನಡೆಯುವಾಗ ಒತ್ತಿ ಬಿಟ್ಟಂತೆಲ್ಲ ಕೀಲಿನ ದ್ರವವನ್ನು ಒದ್ದೆ ಸ್ಪಂಜಿನ ಹಾಗೆ ಹೊರಹಾಕಿ ಒಳಗೆಳೆದುಕೊಳ್ಳುವುದೇ ಅದರ ಆಹಾರದ ದಾರಿ. ರಕ್ತವಿಲ್ಲದ ಮೇಲೆ ಹೆಪ್ಪುಗಟ್ಟುವುದಿಲ್ಲ, ದುರಸ್ತಿಗೆ ಕೋಶಗಳು ಬಂದು ಸೇರುವುದಿಲ್ಲ. ಎಲುಬಿನಲ್ಲಿ ಮುರಿದ ದಿನವೇ ಶುರುವಾಗುವ ಕೆಲಸ ಇಲ್ಲಿ ಶುರುವಾಗುವುದೇ ಇಲ್ಲ. ಸವೆತದ ಜತೆಗೆ ಕೀಲಿನ ಒಳಪೊರೆ ಉರಿಯೂತಕ್ಕೆ ತುತ್ತಾಗಿ ಊದಿಕೊಳ್ಳುತ್ತದೆ, ಅಂಚಿನಲ್ಲಿ ಎಲುಬಿನ ಮುಳ್ಳುಗಳು ಬೆಳೆಯುತ್ತವೆ. ನರಗಳಿಲ್ಲದ ಮೃದ್ವಸ್ಥಿ ತಾನಾಗಿ ನೋಯುವುದಿಲ್ಲ. ನೋವು ಬರುವುದು ಒಳಪೊರೆಯಿಂದ, ಕೆಳಗಿನ ಎಲುಬಿನಿಂದ, ಸುತ್ತಲಿನ ಭಾಗಗಳಿಂದ.

ಆಕರಕೋಶ ಚುಚ್ಚಿದರೆ ಅದೇ ಮೃದ್ವಸ್ಥಿಯಾಗಿ ಬೆಳೆದು ಸವೆದ ಜಾಗ ತುಂಬುತ್ತದೆ ಎಂಬ ಆಸೆ ಶುರುವಿನಲ್ಲಿ ವಿಜ್ಞಾನಿಗಳಿಗೂ ಇತ್ತು. ಪ್ರಯೋಗಾಲಯದ ತಟ್ಟೆಯಲ್ಲಿ ಹಾಗೆ ಬೆಳೆಸಲೂಬಹುದು. ಮನುಷ್ಯರ ಕೀಲಿನಲ್ಲಿ ನಡೆಯುವುದು ಬೇರೆ. ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ದಿನಗಳಲ್ಲಿ, ವಾರಗಳಲ್ಲಿ ಇಲ್ಲವಾಗುತ್ತವೆ. ಇರುವಷ್ಟು ಕಾಲ ಉರಿಯೂತ ತಗ್ಗಿಸುವ, ಕೀಲಿನಲ್ಲಿ ಮೊದಲೇ ಇರುವ ಕೋಶಗಳನ್ನು ಕಾಪಾಡುವ ರಾಸಾಯನಿಕಗಳನ್ನು ಸ್ರವಿಸುತ್ತವೆ. ಈ ಕೋಶಗಳ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲೊಬ್ಬರಾದ ಆರ್ನಾಲ್ಡ್ ಕ್ಯಾಪ್ಲನ್ ಅವರೇ ಮುಂದೆ ಈ ನಿಲುವಿಗೆ ಬಂದರು. ನೋವು ತಗ್ಗಿದರೆ ಮೃದ್ವಸ್ಥಿ ಬೆಳೆದಿದೆ ಎಂದರ್ಥವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ನೋವು ತಗ್ಗುವುದೂ ಸಣ್ಣ ಸಂಗತಿಯಲ್ಲ ಎಂಬುದು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವವರಿಗೆ ಗೊತ್ತು.

ಈ ವಿಷಯದಲ್ಲಿ ಶಿಸ್ತಿನ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ರಿಸರ್ಚ್ ಮಣಿಪಾಲ ಸಮೂಹದ ಆಸರೆಯಲ್ಲಿ ಬೆಳೆದ ಸಂಸ್ಥೆ. ಆರೋಗ್ಯವಂತ ದಾನಿಗಳ ಮಜ್ಜೆಯಿಂದ ಆಕರಕೋಶಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಹಲವು ದಾನಿಗಳ ಕೋಶಗಳನ್ನು ಒಟ್ಟುಗೂಡಿಸಿ, ಅತಿಶೀತದಲ್ಲಿ ಕಾಯ್ದಿಡುವ ಸ್ಟೆಂಪ್ಯೂಸೆಲ್ ಎಂಬ ಉತ್ಪನ್ನ ಅವರದು. ತಂಬಾಕಿನಿಂದ ಕೈಕಾಲಿನ ರಕ್ತನಾಳ ಮುಚ್ಚಿಹೋಗುವ ಬರ್ಜರ್ ಕಾಯಿಲೆಗೂ ಅದನ್ನು ಬಳಸಿದ್ದಾರೆ. ಮೊಣಕಾಲಿನ ಎರಡನೇ ಹಂತದ ಪ್ರಯೋಗದಲ್ಲಿ 60 ರೋಗಿಗಳಿದ್ದರು. ಎರಡೂವರೆ ಕೋಟಿಯಿಂದ 15 ಕೋಟಿಯವರೆಗೆ ನಾಲ್ಕು ಪ್ರಮಾಣದಲ್ಲಿ ಕೋಶಗಳನ್ನು ಕೊಟ್ಟು ನೋಡಿದರು. ಹೆಚ್ಚು ಕೊಟ್ಟಲ್ಲಿ ಮೊಣಕಾಲು ಊದಿ ನೋಯುವುದು ಹೆಚ್ಚಾಯಿತು. ಭರವಸೆ ಮೂಡಿಸಿದ್ದು ಎಲ್ಲಕ್ಕಿಂತ ಕಡಿಮೆಯ ಪ್ರಮಾಣ. “ನಾವು ಇಷ್ಟು ಕೋಟಿ ಕೋಶ ಕೊಡುತ್ತೇವೆ” ಎಂಬ ಪ್ರಚಾರ ಕೇಳಿದಾಗಲೆಲ್ಲ ನನಗೆ ಈ ಫಲಿತಾಂಶ ನೆನಪಾಗುತ್ತದೆ.

ಮೂರನೇ ಹಂತದಲ್ಲಿ 146 ರೋಗಿಗಳು. ಎಲ್ಲರದೂ ಸವೆತದ ನಡುಹಂತ, ಎಕ್ಸ್‌ರೇ ಶ್ರೇಣಿಯಲ್ಲಿ 2 ಅಥವಾ 3. ಒಂದು ಗುಂಪಿಗೆ ಎರಡೂವರೆ ಕೋಟಿ ಕೋಶ ಮತ್ತು ಕೀಲಿಗೆ ಜಾರಿಕೆ ಕೊಡುವ ಹಯಲುರಾನಿಕ್ ಆಮ್ಲ, ಇನ್ನೊಂದಕ್ಕೆ ಕೋಶವಿಲ್ಲದ ದ್ರವ ಮತ್ತು ಅದೇ ಆಮ್ಲ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ವರ್ಷದ ಕೊನೆಗೆ ನೋವು, ಬಿಗಿತ, ಓಡಾಟದ ಅಂಕಗಳಲ್ಲಿ ಕೋಶ ಪಡೆದವರು ಸ್ಪಷ್ಟವಾಗಿ ಮುಂದಿದ್ದರು. ಎಂಆರ್‌ಐನಲ್ಲಿ ಕೋಶ ಪಡೆಯದವರ ಮೃದ್ವಸ್ಥಿಯ ಗುಣಮಟ್ಟ ಕ್ರಮೇಣ ಕೆಡುತ್ತ ಹೋಗಿತ್ತು, ಪಡೆದವರದು ಇದ್ದಂತೆಯೇ ಉಳಿದಿತ್ತು. ಮೃದ್ವಸ್ಥಿಯ ಪ್ರಮಾಣ ಮಾತ್ರ ಹೇಳಿಕೊಳ್ಳುವಂತೆ ಬದಲಾಗಿರಲಿಲ್ಲ. 2022ರಲ್ಲಿ ಭಾರತದ ಔಷಧ ನಿಯಂತ್ರಕರು ಈ ಉತ್ಪನ್ನಕ್ಕೆ ಒಪ್ಪಿಗೆ ಕೊಟ್ಟರು. ಸ್ಟೆಮ್‌ಒನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಇದರ ಮಗ್ಗುಲಲ್ಲೇ ಇಟ್ಟು ನೋಡಬೇಕಾದ ಇನ್ನೊಂದು ಪ್ರಯೋಗ ಅಮೆರಿಕದ್ದು, 2023ರಲ್ಲಿ ಪ್ರಕಟವಾದದ್ದು. ಸುಮಾರು 475 ರೋಗಿಗಳಲ್ಲಿ ಸಾಂದ್ರಗೊಳಿಸಿದ ಸ್ವಂತ ಮಜ್ಜೆ, ಸ್ವಂತ ಕೊಬ್ಬಿನಿಂದ ತೆಗೆದ ಕೋಶಗಳು, ಹೊಕ್ಕುಳಬಳ್ಳಿಯ ಕೋಶಗಳು, ಈ ಮೂರನ್ನೂ ಸಾಮಾನ್ಯ ಸ್ಟೀರಾಯ್ಡ್ ಚುಚ್ಚುಮದ್ದಿಗೆ ಹೋಲಿಸಿದರು. ವರ್ಷದ ನಂತರ ಎಲ್ಲ ಗುಂಪಿನವರ ನೋವೂ ತಗ್ಗಿತ್ತು. ಯಾವ ಕೋಶವೂ ಸ್ಟೀರಾಯ್ಡನ್ನು ಮೀರಿಸಲಿಲ್ಲ. ಬೆಂಗಳೂರಿನ ಫಲಿತಾಂಶವನ್ನು ಇದು ಸುಳ್ಳಾಗಿಸುವುದಿಲ್ಲ, ಕೋಶವೂ ಬೇರೆ, ಹೋಲಿಕೆಯೂ ಬೇರೆ. ಆದರೆ ಒಂದು ಉತ್ಪನ್ನದ ಯಶಸ್ಸನ್ನು ತೋರಿಸಿ ಇನ್ನೊಂದನ್ನು ಮಾರುವುದು ಸಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ನಮ್ಮ ಊರುಗಳಲ್ಲಿ ಆಗುತ್ತಿರುವುದು ಅದೇ. ‘ಸ್ಟೆಮ್ ಸೆಲ್’ ಎಂಬ ಒಂದೇ ಹೆಸರಿನಡಿ ಹಲವು ಸಾಮಗ್ರಿಗಳು ಸಾಗುತ್ತವೆ. ತೋಳಿನಿಂದ ರಕ್ತ ತೆಗೆದು ಅರ್ಧ ಗಂಟೆಯಲ್ಲಿ ಮೊಣಕಾಲಿಗೆ ಚುಚ್ಚಿದರೆ ಅದು ಪಿಆರ್‌ಪಿ, ರಕ್ತದ ಕಿರುಬಿಲ್ಲೆಗಳ ಸಾಂದ್ರ ದ್ರವ; ಅದನ್ನು ಆಕರಕೋಶ ಚಿಕಿತ್ಸೆ ಎಂದು ಕರೆಯುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ರಕ್ತದ ಕಾಯಿಲೆ ಮೊದಲಾದವುಗಳಿಗೆ ಮಾಡುವ ಮಜ್ಜೆ ಕಸಿಯನ್ನು ಬಿಟ್ಟು ಉಳಿದ ಆಕರಕೋಶ ಚಿಕಿತ್ಸೆಗಳನ್ನು ಪ್ರಯೋಗದ ಹಂತದವೆಂದೇ ಎಣಿಸಿತ್ತು. 2019ರ ನಿಯಮಗಳ ಪ್ರಕಾರ ಆಕರಕೋಶಗಳಿಂದ ತಯಾರಿಸಿದ ಉತ್ಪನ್ನ ಹೊಸ ಔಷಧ; ಕೇಂದ್ರದ ಅನುಮತಿ ಬೇಕು. ಮೊಣಕಾಲ ಸವೆತಕ್ಕೆ ಸಿಕ್ಕ ಅನುಮತಿ ಕೂಡದ ಎಲುಬಿಗಾಗಲಿ, ಬೆನ್ನುನೋವಿಗಾಗಲಿ ಅನ್ವಯಿಸುವುದಿಲ್ಲ. ಅಮೆರಿಕದಲ್ಲಿ 2018ರಲ್ಲಿ ಅನುಮತಿಯಿಲ್ಲದ ಹೊಕ್ಕುಳಬಳ್ಳಿ ರಕ್ತದ ಉತ್ಪನ್ನವನ್ನು ಕೀಲಿಗೂ ಬೆನ್ನಿಗೂ ಚುಚ್ಚಿಸಿಕೊಂಡು ಕನಿಷ್ಠ 12 ಜನ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದ್ದರು.

ಹಾಗಾಗಿ ಸಾಲ ಮಾಡಿ ಇಂಜೆಕ್ಷನ್ ಮಾಡಿಸುವ ಮೊದಲು ಬಾಯಿಬಿಟ್ಟು ಕೇಳಬೇಕು: ಇದು ಯಾರ ಕೋಶ, ಎಲ್ಲಿಂದ ತೆಗೆದದ್ದು, ಪ್ರಯೋಗಾಲಯದಲ್ಲಿ ಬೆಳೆಸಿದ್ದೋ ಇಲ್ಲೇ ಸುತ್ತಿಸಿದ್ದೋ, ನನ್ನ ಕಾಯಿಲೆಗೆ ಅನುಮತಿ ಇದೆಯೋ? ಪ್ರಯೋಗ ಎಂದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ಅದರ ಸಂಖ್ಯೆ ಇರಬೇಕು, ನಮಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಇರಬೇಕು, ಪ್ರಯೋಗದ ಔಷಧಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಹೀಗೆ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಮೊಣಕಾಲಿನವರಿಗೆ ಇಂಜೆಕ್ಷನ್ನಿಗೂ ಮೊದಲಿನ ಮಾತೊಂದಿದೆ. ಮೈತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ ಎಂದು 2005ರ ಅಮೆರಿಕದ ಅಧ್ಯಯನವೊಂದು ಅಳೆದು ತೋರಿಸಿದೆ. ಕುರ್ಚಿಯಲ್ಲಿ ಕೂತು ಕಾಲನ್ನು ನೇರವಾಗಿ ಎತ್ತಿ ಹಿಡಿಯುವಂಥ ವ್ಯಾಯಾಮದಿಂದ ತೊಡೆಯ ಸ್ನಾಯು ಗಟ್ಟಿಯಾಗಿ ಕೀಲಿಗೆ ಆಸರೆ ಸಿಗುತ್ತದೆ. ಸವೆತ ನಾಲ್ಕನೇ ಶ್ರೇಣಿ ಮುಟ್ಟಿ ಎಲುಬಿಗೆ ಎಲುಬು ತಾಗುತ್ತಿದ್ದರೆ ಕೋಶಗಳಿಗೆ ಕಾಪಾಡಲು ಏನೂ ಉಳಿದಿರುವುದಿಲ್ಲ. ಅಂಥವರನ್ನು ಮತ್ತೆ ನಡೆಸುವುದು ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ.

ಎಲುಬು ಕೂಡದವರು ಎಕ್ಸ್‌ರೇಗಳನ್ನು ಬಿಸಾಡದೆ ಮೊದಲ ದಿನದಿಂದ ತಾರೀಖಿನ ಪ್ರಕಾರ ಜೋಡಿಸಿಟ್ಟುಕೊಳ್ಳಬೇಕು. ಕೂಡುತ್ತಿದೆಯೇ, ನಿಂತುಹೋಗಿದೆಯೇ ಎಂಬುದು ಒಂದು ಚಿತ್ರದಲ್ಲಿ ತಿಳಿಯುವುದಿಲ್ಲ, ತಿಂಗಳ ಅಂತರದ ಚಿತ್ರಗಳನ್ನು ಅಕ್ಕಪಕ್ಕ ಹಿಡಿದಾಗ ತಿಳಿಯುತ್ತದೆ. ರಾಡ್ ಸಡಿಲಾಗಿದೆಯೇ, ಒಳಗೆ ಸೋಂಕಿದೆಯೇ, ಸಕ್ಕರೆ ಎಷ್ಟಿದೆ, ಬೀಡಿ ಬಿಟ್ಟಾಗಿದೆಯೇ ಎಂಬುದು ಮೊದಲು ಇತ್ಯರ್ಥವಾಗಬೇಕು. ಅಲುಗಾಡುವ ಎಲುಬಿಗೆ, ಕೀವು ತುಂಬಿದ ಜಾಗಕ್ಕೆ ಎಷ್ಟು ಕೋಶ ಸುರಿದರೂ ಅವು ಬದುಕಲಾರವು. ಬಿಗಿಯಾಗಿ ನಿಂತ, ಸೋಂಕಿಲ್ಲದ, ಆದರೂ ಕೂಡಲೊಲ್ಲದ ಎಲುಬಿಗೆ ಸ್ವಂತ ಮಜ್ಜೆಯ ಸೂಜಿಯ ವಿಚಾರವನ್ನು ಎಲುಬಿನ ಡಾಕ್ಟರ ಹತ್ತಿರ ಧೈರ್ಯವಾಗಿ ಎತ್ತಬಹುದು.